ಆರು ಪೋರ್ಟ್, ಐದು ಜನ, ಒಂದು ಸ್ವಿಚ್ ಬೋರ್ಡ್

ಪ್ರಶ್ನೆ: ತಣಿಸಂದ್ರದಲ್ಲಿ ಎರಡು ಬೆಡ್‌ರೂಮಿನ ಬಾಡಿಗೆ ಮನೆ. ನಾನು, ಯಜಮಾನರು, ಅತ್ತೆ, ಮೈದುನ, ಹತ್ತು ತಿಂಗಳ ಮಗಳು. ಯಜಮಾನರಿಗೆ ಮಾನ್ಯತಾ ಟೆಕ್ ಪಾರ್ಕಿನಲ್ಲಿ ಕೆಲಸ, ವಾರಕ್ಕೆ ಎರಡು ದಿನ ಮನೆಯಿಂದಲೇ. ಹಾಲ್‌ನಲ್ಲಿ ಕೈಗೆಟುಕುವ ಪ್ಲಗ್ ಪಾಯಿಂಟ್ ಒಂದೇ ಒಂದು. ಎಲ್ಲರಿಗೂ ಆಗಲಿ ಅಂತ ನಾಗವಾರದ ಹತ್ತಿರ ರಸ್ತೆಬದಿಯಲ್ಲಿ ಆರು ಪೋರ್ಟಿನ ಚಾರ್ಜರ್ ತಂದೆ. ಅದರಲ್ಲಿ ಲ್ಯಾಪ್‌ಟಾಪ್ ಚಾರ್ಜೇ ಆಗುವುದಿಲ್ಲ, ಫೋನ್‌ಗಳು ನಿಧಾನ, ಮುಟ್ಟಿದರೆ ಬಿಸಿ. ‘ಯಾರನ್ನಾದರೂ ಕೇಳಿ ತರಬಾರದಿತ್ತಾ’ ಅಂದರು ಯಜಮಾನರು, ಮೈದುನನ ಎದುರಿಗೇ. ಮಗಳು ಈಗ ಅಂಬೆಗಾಲಿಡುತ್ತಿದ್ದಾಳೆ. ಕಾರವಾರದ ಮಗುವಿನ ಸುದ್ದಿ ನೆನಪಾಗಿ ರಾತ್ರಿ ಎದ್ದೆದ್ದು ಬೋರ್ಡ್ ನೋಡುತ್ತೇನೆ. ಎಷ್ಟು ವ್ಯಾಟಿನದು ತರಲಿ ಮೇಡಂ? ಇಷ್ಟು ಸಣ್ಣ ವಿಷಯಕ್ಕೆ ನನಗೇಕೆ ಅಳು ಬರುತ್ತದೆ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡೋಣ. ಅಳು ಬಂದದ್ದು ಚಾರ್ಜರಿಗಾಗಿ ಅಲ್ಲ. ಮನೆಯವರೆಲ್ಲರ ಅನುಕೂಲ ನೋಡಿ ನಿಮ್ಮ ಕೈಯಿಂದ ಖರ್ಚು ಮಾಡಿ ತಂದಿರಿ, ಅದಕ್ಕೆ ಸಿಕ್ಕಿದ್ದು ಮೈದುನನ ಎದುರು ಒಂದು ಮಾತು. ನೋವಾಗುವುದು ಸಹಜ. ಜೊತೆಗೆ ಪುಟ್ಟ ಮಗು, ಅರೆನಿದ್ದೆ. ಯಾರಿಗಾದರೂ ಕಣ್ಣು ತುಂಬಿ ಬರುತ್ತದೆ. ಇದನ್ನು ಸಣ್ಣ ವಿಷಯ ಅಂತ ನೀವೇ ತಳ್ಳಿಹಾಕಬೇಡಿ.

ನಿಮಗೆ ತಿಳಿವಳಿಕೆ ಸಾಲದು ಅನ್ನುವ ಮಾತನ್ನಂತೂ ನಾನು ಒಪ್ಪುವುದಿಲ್ಲ. ಮೊದಲೆಲ್ಲ ಫೋನ್ ಕೊಂಡರೆ ಡಬ್ಬಿಯಲ್ಲೇ ಚಾರ್ಜರ್ ಬರುತ್ತಿತ್ತು, ವ್ಯಾಟ್ ಲೆಕ್ಕ ಯಾರಿಗೂ ಬೇಕಿರಲಿಲ್ಲ. 2020ರ ಅಕ್ಟೋಬರಿನಲ್ಲಿ ಆಪಲ್ ಐಫೋನ್ 12ರ ಡಬ್ಬಿಯಿಂದ ಅದನ್ನು ತೆಗೆದುಹಾಕಿತು, ಕೆಲವೇ ತಿಂಗಳಲ್ಲಿ ಸ್ಯಾಮ್‌ಸಂಗ್ ಕೂಡ ಗ್ಯಾಲಕ್ಸಿ ಎಸ್21ರಲ್ಲಿ ಅದೇ ಮಾಡಿತು. ಕಂಪನಿಯ ಎಂಜಿನಿಯರ್ ಮಾಡುತ್ತಿದ್ದ ಲೆಕ್ಕ ಹೀಗೆ ಮನೆ ನಡೆಸುವವರ ತಲೆಗೆ ಬಂತು, ಕಲಿಸುವವರು ಮಾತ್ರ ಬರಲಿಲ್ಲ. ಮಾನ್ಯತಾದಲ್ಲಿ ಕೆಲಸ ಮಾಡುವ ಎಷ್ಟೋ ಜನರಿಗೂ ತಮ್ಮ ಲ್ಯಾಪ್‌ಟಾಪಿಗೆ ಎಷ್ಟು ವ್ಯಾಟ್ ಬೇಕೆಂದು ಗೊತ್ತಿರುವುದಿಲ್ಲ, ಕೇಳಿ ನೋಡಿ.

ನೀವು ತಂದದ್ದರಲ್ಲಿ ಆರೂ ಪೋರ್ಟ್ ಹಳೆಯ ಅಗಲ ಬಾಯಿಯವು ಅಂತ ಕಾಣುತ್ತದೆ. ಆ ಬಗೆಯ ಸಾಧಾರಣ ಪೋರ್ಟ್ ಕೊಡುವುದು 5 ವೋಲ್ಟ್ ಮಾತ್ರ. ಲ್ಯಾಪ್‌ಟಾಪಿಗೆ ಸಾಮಾನ್ಯವಾಗಿ 20 ವೋಲ್ಟ್ ಬೇಕು. ರಾತ್ರಿಯಿಡೀ ಚುಚ್ಚಿಟ್ಟರೂ ಅದು ಚಾರ್ಜ್ ಆಗುತ್ತಿರಲಿಲ್ಲ. ಲ್ಯಾಪ್‌ಟಾಪ್ ಕೆಟ್ಟಿಲ್ಲ.

ಎಷ್ಟು ವ್ಯಾಟ್ ಬೇಕು ಅನ್ನುವುದಕ್ಕೆ ಅಂಗಡಿಯವರನ್ನು ಕೇಳುವ ಮೊದಲು ಮನೆಯಲ್ಲಿರುವ ಹಳೆಯ ಚಾರ್ಜರ್‌ಗಳ ಬೆನ್ನು ಓದಿ. ಸಣ್ಣ ಅಕ್ಷರ, ಫೋನ್ ಕ್ಯಾಮೆರಾದಲ್ಲಿ ದೊಡ್ಡದು ಮಾಡಿಕೊಂಡರೆ ಆಯಿತು. ‘ಔಟ್‌ಪುಟ್’ ಎಂದಿರುವ ಸಾಲಿನಲ್ಲಿ ವೋಲ್ಟ್ ಮತ್ತು ಆಂಪಿಯರ್ ಇರುತ್ತವೆ, ಎರಡನ್ನೂ ಗುಣಿಸಿದರೆ ವ್ಯಾಟ್. ಲ್ಯಾಪ್‌ಟಾಪಿನದರ ಮೇಲೆ 20 ವೋಲ್ಟ್, 3.25 ಆಂಪಿಯರ್ ಎಂದಿದ್ದರೆ 65 ವ್ಯಾಟ್. ಅತ್ತೆಯ ಫೋನಿನದು 5 ವೋಲ್ಟ್, 2 ಆಂಪಿಯರ್ ಆದರೆ ಬರೀ 10.

ಎಡವುವ ಜಾಗ ಇನ್ನೊಂದಿದೆ. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿರುವ 65 ವ್ಯಾಟ್ ಅಷ್ಟೂ ಪೋರ್ಟ್‌ಗಳ ಒಟ್ಟು ಶಕ್ತಿ. ಒಂದೇ ಸಾಧನ ಹಾಕಿದಾಗ ಪೂರ್ತಿ ಸಿಗಬಹುದು. ಎರಡನೆಯದು ಹಾಕಿದ ತಕ್ಷಣ ಹಲವು ಚಾರ್ಜರ್‌ಗಳಲ್ಲಿ ಅದು 45 ಮತ್ತು 20 ಎಂದು ಹಂಚಿಹೋಗುತ್ತದೆ. ಹಂಚುವ ಮುನ್ನ ಚಾರ್ಜರ್ ಒಂದು ಕ್ಷಣ ಎಲ್ಲ ಪೋರ್ಟ್‌ಗಳನ್ನೂ ಬಿಟ್ಟು ಮತ್ತೆ ಹಿಡಿಯುವುದೂ ಉಂಟು. ಯಜಮಾನರು ಮೀಟಿಂಗಿನಲ್ಲಿರುವಾಗ ಅತ್ತೆ ಫೋನ್ ಚುಚ್ಚಿದರು, ಲ್ಯಾಪ್‌ಟಾಪ್ ‘ಟಿಂಗ್’ ಅಂತು, ‘ಯಾರದು ಅಲ್ಲಿ’ ಎಂಬ ಕೂಗು ಬಂತು. ಎಷ್ಟೋ ಮನೆಗಳ ಜಗಳದ ಮೂಲ ಇಷ್ಟೇ. ತಪ್ಪು ಯಾರದೂ ಅಲ್ಲ. ಯಾವ ಪೋರ್ಟಿಗೆ ಎಷ್ಟು ಎಂಬ ಪಟ್ಟಿ ಡಬ್ಬಿಯ ಹಿಂದೆಯೋ ಒಳಗಿನ ಚೀಟಿಯಲ್ಲೋ ಇರುತ್ತದೆ. ಆ ಪಟ್ಟಿಯೇ ಇಲ್ಲದ ಚಾರ್ಜರನ್ನು ಕೊಳ್ಳಬೇಡಿ.

ಹಾಗಾದರೆ ತರಬೇಕಾದದ್ದು ಯಾವುದು? ನನ್ನ ಸಲಹೆ ನಿಮಗೆ ಕೊಂಚ ಪೆಚ್ಚೆನಿಸಬಹುದು. ಎಲ್ಲವನ್ನೂ ಒಂದೇ ಚಾರ್ಜರಿಗೆ ಜೋತುಹಾಕುವ ಆಸೆ ಬಿಡಿ. ಲ್ಯಾಪ್‌ಟಾಪಿನ ಮೂಲ ಚಾರ್ಜರ್ ಲ್ಯಾಪ್‌ಟಾಪಿಗೇ ಇರಲಿ. ಫೋನ್‌ಗಳಿಗೆ 65 ವ್ಯಾಟಿನ, ಎರಡು ಯುಎಸ್‌ಬಿ-ಸಿ ಪೋರ್ಟ್ ಮತ್ತು ಒಂದು ಅಗಲ ಪೋರ್ಟ್ ಇರುವ ಚಾರ್ಜರ್ ಧಾರಾಳ ಸಾಕು. ಲ್ಯಾಪ್‌ಟಾಪೂ ಅದರಲ್ಲೇ ಆಗಲೇಬೇಕು ಎಂದಾದರೆ 100 ವ್ಯಾಟಿನದನ್ನು ನೋಡಿ, ಆಗ ಕೇಬಲ್ ಕೂಡ ಬದಲಿಸಬೇಕು. ಸಾಧಾರಣ ಸಿ ಕೇಬಲ್ 3 ಆಂಪಿಯರ್, ಅಂದರೆ 60 ವ್ಯಾಟಿಗೇ ನಿಲ್ಲುತ್ತದೆ. ಅದಕ್ಕಿಂತ ಹೆಚ್ಚು ಬೇಕಾದರೆ 5 ಆಂಪಿಯರ್ ಅಥವಾ 100 ವ್ಯಾಟ್ ಎಂದು ಬರೆದಿರುವ ಕೇಬಲ್ ಬೇಕು. ಮೈದುನನ ಫೋನ್ 80 ವ್ಯಾಟಿನ ಸೂಪರ್‌ವೂಕ್ ಎಂಬ ವೇಗದ ಚಾರ್ಜಿಂಗ್ ಬಗೆಯದಾದರೆ ಆ ವೇಗ ಅದರದೇ ಚಾರ್ಜರಿನಲ್ಲಿ ಮಾತ್ರ ಬರುವುದು. ಅದಕ್ಕಾಗಿ ನೀವು ಬೈಸಿಕೊಳ್ಳಬೇಡಿ. ದೊಡ್ಡ ಚಾರ್ಜರ್ ಹಾಕಿದರೆ ಅತ್ತೆಯ ಸಣ್ಣ ಫೋನ್ ಸುಟ್ಟೀತು ಎಂಬ ಭಯವೂ ಬೇಡ. ಸರಿಯಾದ ಚಾರ್ಜರ್ ಆದರೆ ಫೋನ್ ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ.

ಅತ್ತೆಯವರಿಗೆ ಮಾತ್ರ ಅವರ ಮಂಚದ ಪಕ್ಕ, ಅವರದೇ ಅಂತ ಒಂದು ಹಳೆಯ ಚಾರ್ಜರ್ ಕೊಡಿ. ಮನೆಯಲ್ಲಿ ಯಾರಿಗೆ ಅವಸರ ಬಂದರೂ ಮೊದಲು ಕಿತ್ತಿಡುವುದು ಹಿರಿಯರ ಫೋನನ್ನೇ. ಅವರು ಬಾಯಿಬಿಟ್ಟು ಹೇಳುವುದಿಲ್ಲ.

ಇನ್ನು ಮಗುವಿನ ವಿಷಯ. 2023ರ ಆಗಸ್ಟ್‌ನಲ್ಲಿ ಕಾರವಾರ ತಾಲ್ಲೂಕಿನಲ್ಲಿ ಎಂಟು ತಿಂಗಳ ಮಗು, ಸ್ವಿಚ್ ಆರಿಸದೆ ಉಳಿದಿದ್ದ ಚಾರ್ಜರಿನ ತುದಿಯನ್ನು ಬಾಯಿಗೆ ಹಾಕಿಕೊಂಡು ತೀರಿಹೋಯಿತು. ಅದನ್ನು ಓದಿದ ತಾಯಿಗೆ ನಿದ್ದೆ ಕೆಟ್ಟರೆ ಆಶ್ಚರ್ಯವೇನಿಲ್ಲ. ಭಯಕ್ಕೆ ಕಾರಣವಿದೆ, ಹಾಗೆಯೇ ಭಯಕ್ಕೆ ಅಳತೆಯೂ ಇದೆ. ಚೆನ್ನಾಗಿ ಮಾಡಿದ ಚಾರ್ಜರಿನೊಳಗೆ ಗೋಡೆಯ 230 ವೋಲ್ಟಿಗೂ ಕೇಬಲಿನ ತುದಿಗೂ ನೇರ ಸಂಪರ್ಕ ಇರುವುದಿಲ್ಲ, ನಡುವೆ ತಡೆ ಇರುತ್ತದೆ. ಅಗ್ಗದವುಗಳಲ್ಲಿ ಕೈಬಿಡುವುದು ಆ ತಡೆಯನ್ನೇ. ಅದಕ್ಕಾಗಿ ಚಾರ್ಜರಿನ ಮೈಮೇಲೆ ಬಿಐಎಸ್ ಗುರುತು ಮತ್ತು ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇದೆಯೇ ನೋಡಿ. ನಮ್ಮ ದೇಶದಲ್ಲಿ ಮಾರುವ ಅಡಾಪ್ಟರ್‌ಗಳಿಗೆ ಇದು ಕಡ್ಡಾಯ. ಆ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಯಾವ ಕಂಪನಿಯ ಯಾವ ವಸ್ತುವಿಗೆ ಕೊಟ್ಟದ್ದು ಎಂದು ತೋರಿಸುತ್ತದೆ. ಅಂಗಡಿಯಲ್ಲಿ ನಿಂತೇ ನೋಡಿ, ಮುಜುಗರ ಬೇಡ. ಎರಡೂ ತುದಿ ಸಿ ಇರುವ ಕೇಬಲ್‌ನಿಂದ ಇನ್ನೊಂದು ಲಾಭ: ಸಾಧನ ಸಿಕ್ಕಿಸುವವರೆಗೆ ಸಿ ಪೋರ್ಟ್ ವಿದ್ಯುತ್ತನ್ನೇ ಹೊರಬಿಡುವುದಿಲ್ಲ. ಅಗಲ ಪೋರ್ಟ್ ಸದಾ ಬಿಡುತ್ತಲೇ ಇರುತ್ತದೆ. ಆದರೂ ಫೋನ್ ತೆಗೆದ ಮೇಲೆ ಸ್ವಿಚ್ ಆರಿಸಿ ಕೇಬಲ್ ಮೇಲಿಡುವುದು ಮನೆಯ ನಿಯಮವಾಗಲಿ, ಯಜಮಾನರಿಗೂ ಮೈದುನನಿಗೂ ಸೇರಿ. ಕಾವಲು ನಿಮ್ಮೊಬ್ಬರ ಕೆಲಸವಲ್ಲ ಎಂದು ಅವರಿಗೆ ಸ್ಪಷ್ಟವಾಗಿ ಹೇಳಿ. ಹಾಲ್‌ನಲ್ಲಿ ಎತ್ತರದಲ್ಲೊಂದು ಪಾಯಿಂಟ್ ಹಾಕಿಸಲು ಮನೆ ಓನರ್ ಹತ್ತಿರ ಕೇಳಿ, ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ಎಕ್ಸ್‌ಟೆನ್ಶನ್ ಬಾಕ್ಸಿಗೆ ಇನ್ನೊಂದು ಬಾಕ್ಸ್ ಸಿಕ್ಕಿಸುವುದು ಬೇಡ.

ಯಜಮಾನರ ಮಾತಿನ ಬಗ್ಗೆ ಒಂದು. ಅವರು ನಿಮ್ಮನ್ನು ಹೀಯಾಳಿಸಲೆಂದೇ ಅಂದಿರಲಾರರು, ಮೀಟಿಂಗಿನ ಒತ್ತಡದಲ್ಲಿ ಬಾಯಿಗೆ ಬಂದದ್ದಿರಬಹುದು. ಆದರೂ ತಾಗಿದೆ ಎಂದು ಅವರಿಗೆ ಗೊತ್ತಾಗಬೇಕು. ಮಗು ಮಲಗಿದ ಮೇಲೆ, ಮೈದುನ ಇಲ್ಲದಾಗ, ‘ನೀವು ಅವನ ಎದುರಿಗೆ ಹಾಗಂದದ್ದು ಬೇಜಾರಾಯ್ತು’ ಅಷ್ಟೇ ಹೇಳಿ ನಿಲ್ಲಿಸಿ. ಹಿಂದಿನದೆಲ್ಲ ಎತ್ತಬೇಡಿ. ಹೊಸದನ್ನು ತರಲು ಇಬ್ಬರೂ ಒಟ್ಟಿಗೆ ಹೋಗಿ.

ರಾತ್ರಿ ಮಲಗುವ ಮುನ್ನ ಒಂದೇ ಸಲ ಬೋರ್ಡ್ ನೋಡಿ ಸ್ವಿಚ್ ಆರಿಸಿ. ‘ಆರಿಸಿದೆ’ ಎಂದು ಬಾಯಿಬಿಟ್ಟು ಹೇಳಿಕೊಳ್ಳಿ, ಮತ್ತೆ ಏಳಬೇಡಿ. ಮೊದಲ ಕೆಲವು ರಾತ್ರಿ ಜೀವ ತಡೆಯದು, ಆಮೇಲೆ ಸಡಿಲವಾಗುತ್ತದೆ. ಸ್ವಿಚ್ ಆರಿಸಿರುವುದು ಗೊತ್ತಿದ್ದೂ ಕಾಲು ತಾನಾಗಿ ಹಾಲ್‌ಗೆ ಹೋಗುತ್ತಿದ್ದರೆ, ಎರಡು ವಾರವಾದರೂ ಅಳು ನಿಲ್ಲದಿದ್ದರೆ, ಅದು ಚಾರ್ಜರಿನ ಮಾತಲ್ಲ. ಹೆರಿಗೆಯ ನಂತರದ ಮೊದಲ ವರ್ಷದಲ್ಲಿ ಇಂಥ ಆತಂಕ ಅನೇಕ ತಾಯಂದಿರಿಗೆ ಬರುತ್ತದೆ, ಅದಕ್ಕೆ ಚಿಕಿತ್ಸೆಯೂ ಇದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ನೇರವಾಗಿ ಹೋಗುವುದಾದರೆ ನಿಮ್ಹಾನ್ಸ್ ನಮ್ಮ ಊರಲ್ಲೇ ಇದೆ.

ಆ ಆರು ಪೋರ್ಟಿನದನ್ನು ಇವತ್ತೇ ಬೋರ್ಡಿನಿಂದ ಕೀಳಿ. ದುಡ್ಡು ಕೊಟ್ಟದ್ದಲ್ಲವೇ ಅಂತ ಮನೆಗೆಲಸಕ್ಕೆ ಬರುವವರಿಗೆ ಕೊಟ್ಟುಬಿಡಬೇಡಿ, ಅವರ ಮನೆಯಲ್ಲೂ ಮಕ್ಕಳಿರುತ್ತಾರೆ. ಒಣಕಸಕ್ಕೂ ಹಾಕಬೇಡಿ. ಮತ್ತೆ ಯಾರೂ ಬಳಸದಂತೆ ವೈರ್ ಕತ್ತರಿಸಿ, ಇ-ತ್ಯಾಜ್ಯ ತೆಗೆದುಕೊಳ್ಳುವ ಕಡೆ ಕೊಡಿ.