ಒಂದು ಆಸನ ಪಳಗಿದ ಮೇಲೆ ಇನ್ನೊಂದು

ನಸುಕಿನಲ್ಲೇ ಚಾಪೆ ಸುತ್ತಿ ಹೆಗಲಿಗೇರಿಸಿಕೊಂಡು ಗೋಕುಲಂ ಬೀದಿಗಳಲ್ಲಿ ಹೊರಡುವ ವಿದೇಶಿಯರನ್ನು ಮೈಸೂರಿನವರು ಈಗ ತಿರುಗಿಯೂ ನೋಡುವುದಿಲ್ಲ. ಅವರೆಲ್ಲ ಅಷ್ಟು ದೂರದಿಂದ ಬರುವುದು ಜಗತ್ತಿನ ಯೋಗಶಾಲೆಗಳಲ್ಲಿ ‘ಮೈಸೂರು ಸ್ಟೈಲ್’ ಎಂದೇ ಹೆಸರಾದ ಕಲಿಕೆಯ ಕ್ರಮಕ್ಕಾಗಿ. ಒಂದೇ ಕೋಣೆಯಲ್ಲಿ ಹತ್ತಾರು ಮಂದಿ ಇದ್ದರೂ ಒಬ್ಬೊಬ್ಬರದು ಒಂದೊಂದು ವೇಗ. ಕೈಯಲ್ಲಿರುವ ಆಸನ ಪಳಗುವವರೆಗೆ ಗುರು ಮುಂದಿನದನ್ನು ಹೇಳಿಕೊಡುವುದಿಲ್ಲ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ತೆರೆದ ತಿರುಮಲೈ ಕೃಷ್ಣಮಾಚಾರ್ಯರ ಶಿಷ್ಯ ಕೆ. ಪಟ್ಟಾಭಿ ಜೋಯಿಸರು 1948ರಲ್ಲಿ ಲಕ್ಷ್ಮೀಪುರಂನಲ್ಲಿ ತಮ್ಮದೇ ಸಂಸ್ಥೆ ಕಟ್ಟಿದರು. ಮುಂದೆ ಈ ಕ್ರಮ ಲೋಕವೆಲ್ಲ ಸುತ್ತಿತು.

ಯೋಗದ ಗೊಡವೆಯೇ ಬೇಡ ಎನ್ನುವವರೂ ತಮ್ಮ ಆರೈಕೆಗೆ ಈ ಕ್ರಮವನ್ನು ಎರವಲು ಪಡೆಯಬಹುದು. ಸ್ವ-ಆರೈಕೆ ಬಹುತೇಕ ಮನೆಗಳಲ್ಲಿ ಎರಡು ವಾರಕ್ಕೇ ಮುಗಿದುಹೋಗುವುದು ಸೋಮಾರಿತನದಿಂದಲ್ಲ; ನಡಿಗೆ, ಧ್ಯಾನ, ಸಕ್ಕರೆ ಇಲ್ಲದ ಕಾಫಿ, ಹತ್ತು ಗಂಟೆಗೆ ನಿದ್ದೆ ಎಲ್ಲವೂ ಒಂದೇ ಯುಗಾದಿಯಂದು ಶುರುವಾಗುವುದರಿಂದ. ಪಾರ್ಲರ್ ಪ್ಯಾಕೇಜು, ರೆಸಾರ್ಟಿನ ವಾರಾಂತ್ಯಗಳಿಗೂ ಸ್ವ-ಆರೈಕೆ ಎಂಬ ಹೆಸರೇ ಅಂಟಿಕೊಂಡಿದೆ. ದುಡ್ಡಿದ್ದವರು ಹೋಗಿಬರಲಿ, ತಪ್ಪೇನಿಲ್ಲ. ದಿನನಿತ್ಯದ ಲೆಕ್ಕ ಬೇರೆ.

ಮೊದಲ ಹೆಜ್ಜೆ, ಎಲ್ಲಿದ್ದೇವೆ ಎಂದು ತಿಳಿಯುವುದು. ಐಸಿಎಂಆರ್-ಇಂಡಿಯಾಬ್ ಸಮೀಕ್ಷೆ 2023ರಲ್ಲಿ ಕೊಟ್ಟ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಎರಡೂ ಸದ್ದಿಲ್ಲದೆ ಬರುವಂಥವು. 30 ದಾಟಿದವರು ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರಕ್ಕೋ ‘ನಮ್ಮ ಕ್ಲಿನಿಕ್’ಗೋ ಹೋಗಿ ಬಿಪಿ, ಶುಗರ್ ನೋಡಿಸಿಕೊಳ್ಳಬಹುದು. ಆ ಚೀಟಿಯೇ ಎಲ್ಲಿಂದ ಶುರು ಮಾಡಬೇಕೆಂದು ಹೇಳುತ್ತದೆ: ಬಿಪಿ ಹೆಚ್ಚಿದ್ದವರು ಉಪ್ಪಿನಕಾಯಿ, ಹಪ್ಪಳದಿಂದ, ನಿದ್ದೆಗೆಟ್ಟವರು ಮಲಗುವ ಕೋಣೆಯಿಂದ ಫೋನನ್ನು ಹೊರಗಿಡುವುದರಿಂದ. ಯಾವುದಾದರೂ ಒಂದು. ಒಂದೇ.

ಆ ಒಂದನ್ನು ಮನೆಯಲ್ಲಿ ಈಗಾಗಲೇ ತಪ್ಪದೆ ನಡೆಯುವ ಕೆಲಸಕ್ಕೆ ಗಂಟು ಹಾಕುವುದು ಎರಡನೇ ಹೆಜ್ಜೆ. ‘ಬಿಡುವಾದಾಗ ನಡೆಯುತ್ತೇನೆ’ ಎಂದರೆ ಬಿಡುವು ಬರುವುದಿಲ್ಲ. ‘ಮಗುವನ್ನು ಸ್ಕೂಲ್ ವ್ಯಾನ್ ಹತ್ತಿಸಿದ ಮೇಲೆ ನೇರವಾಗಿ ಪಾರ್ಕಿಗೆ’ ಎಂದರೆ ಕಾಲು ತಾನೇ ಹೊರಡುತ್ತದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಮಂದಿಯನ್ನು 12 ವಾರ ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಆಧಾರ. ಹೊಸ ಅಭ್ಯಾಸ ತಾನಾಗಿ ನಡೆಯುವಂತಾಗಲು ಹಿಡಿದ ಅವಧಿ ನಡುಲೆಕ್ಕದಲ್ಲಿ 66 ದಿನ. ಕೆಲವರಿಗೆ 18 ದಿನ ಸಾಕಾದರೆ, ನಿಧಾನಿಗಳಿಗೆ 254 ದಿನ ಬೇಕಾದೀತೆಂಬ ಅಂದಾಜು. ‘21 ದಿನದಲ್ಲಿ ಬದಲಾಗಿ’ ಎನ್ನುವ ವಾಟ್ಸ್‌ಆಪ್ ಸಂದೇಶಗಳನ್ನು ಅಳಿಸಿಹಾಕಬಹುದು. ಒಂದು ದಿನ ತಪ್ಪಿದರೆ ಅಭ್ಯಾಸ ಕೆಡುವುದಿಲ್ಲವೆಂದೂ ಅದೇ ಅಧ್ಯಯನ ಹೇಳಿತು.

ಯಾವುದನ್ನು ಆರಿಸಬೇಕೆಂದು ತೋಚದವರಿಗೆ ನಡಿಗೆಯೇ ಸುಲಭ, ಅದರಲ್ಲೂ ಮೈಸೂರಿನಲ್ಲಿ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಕೇಳುವುದು ವಾರಕ್ಕೆ ಕನಿಷ್ಠ 150 ನಿಮಿಷದ ಮಧ್ಯಮ ಶ್ರಮ. ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಐದು ದಿನ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ ಕುಕ್ಕರಹಳ್ಳಿ ಕೆರೆಯ ದಂಡೆ ಇದಕ್ಕೆಂದೇ ಇದ್ದಂತಿದೆ. ಕುವೆಂಪು ಅವರ ನಿತ್ಯದ ತಿರುಗಾಟದ ಜಾಗ ಅದು. ಅಲ್ಲಿನ ಸೂರ್ಯೋದಯ, ಹಕ್ಕಿಗಳು ಅವರ ಕವಿತೆಗಳೊಳಗೂ ಬಂದವು. ಇಡೀ ಸುತ್ತು ಹಾಕಲೇಬೇಕೆಂಬ ಹಟ ಬೇಡ. ಹದಿನೈದು ನಿಮಿಷ ಹೋಗಿ ಅದೇ ದಾರಿಯಲ್ಲಿ ಮರಳಿದರೆ ದಿನದ ಪಾಲು ಮುಗಿಯಿತು. ಕೆರೆ ದೂರವಾದವರಿಗೆ ಚೆಲುವಾಂಬ ಪಾರ್ಕ್, ಲಿಂಗಾಂಬುಧಿ, ಮಾನಸಗಂಗೋತ್ರಿಯ ಮರದ ನೆರಳು ಇದ್ದೇ ಇವೆ.

ಚಾಮುಂಡಿಬೆಟ್ಟದ ಮೆಟ್ಟಿಲಿನ ಆಸೆ ಮಾತ್ರ ಸ್ವಲ್ಪ ತಡವಾಗಿ ಬರಲಿ. ದೊಡ್ಡ ದೇವರಾಜ ಒಡೆಯರ ಕಾಲದ ಆ ಸಾವಿರ ಚಿಲ್ಲರೆ ಮೆಟ್ಟಿಲು, ಕೆಳಗೆ ಇಳಿಯುವಾಗಲೇ ಮಂಡಿಯನ್ನು ಹೆಚ್ಚು ಪರೀಕ್ಷಿಸುವುದು. ಮೊದಲ ತಿಂಗಳು ದಾರಿಯಲ್ಲಿನ ನಂದಿ ವಿಗ್ರಹದವರೆಗೂ ಹೋಗದೆ ಅರ್ಧಕ್ಕೇ ತಿರುಗಿದರೆ ಅವಮಾನವೇನಿಲ್ಲ. ತುದಿ ತಲುಪಿದವರಿಗೆ ಇಳಿಯಲು 201ನೇ ನಂಬರಿನ ಸಿಟಿ ಬಸ್ ಇದೆ.

ಇಲ್ಲಿಯವರೆಗಿನದು ಸುಲಭದ ಭಾಗ. ಅರ್ಧ ಗಂಟೆ ಎಲ್ಲಿಂದ ತರುವುದು? ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕಾಗಿ ದಿನಕ್ಕೆ 289 ನಿಮಿಷ ಕೊಡುತ್ತಾರೆ. ಆ ಕೆಲಸದಲ್ಲಿ ಕೈಜೋಡಿಸುವ ಗಂಡಸರು ಕೊಡುವುದು 88 ನಿಮಿಷ. ಇಷ್ಟು ಅಂತರ ಇಟ್ಟುಕೊಂಡು ಹೆಂಗಸರಿಗೆ ‘ನಿಮ್ಮ ಬಗ್ಗೆಯೂ ಕಾಳಜಿ ಇರಲಿ’ ಎಂದು ಉಪದೇಶ ಮಾಡುವುದು ಬರೀ ಬಾಯುಪಚಾರ. ಆದ್ದರಿಂದ ಮೂರನೇ ಹೆಜ್ಜೆ ಒಬ್ಬರದಲ್ಲ, ಇಡೀ ಮನೆಯದು. ಬೆಳಗಿನ ಆರರಿಂದ ಎಂಟರವರೆಗಿನ ಕೆಲಸಗಳನ್ನು ಒಂದು ಹಾಳೆಯಲ್ಲಿ ಬರೆದು, ಹಾಲು ಕಾಯಿಸುವುದು, ಡಿಕಾಕ್ಷನ್ ಹಾಕುವುದು, ಟಿಫಿನ್ ಡಬ್ಬಿ ತುಂಬುವುದು, ಅಜ್ಜಿಯ ಮಾತ್ರೆ ಹೀಗೆ ಒಂದೊಂದರ ಮುಂದೆ ಒಂದೊಂದು ಹೆಸರು ಬರೆಯಬೇಕು. ಒಂದೇ ಹೆಸರು ಮತ್ತೆ ಮತ್ತೆ ಬಂದರೆ ಮೊದಲು ಅರ್ಧ ಗಂಟೆ ಬಿಡಿಸಿಕೊಡಬೇಕಾದ್ದು ಆ ಹೆಸರಿಗೆ. ಬಿಡಿಸಿಕೊಟ್ಟ ಹೊತ್ತಿನಲ್ಲಿ ಆಕೆ ನಡೆಯಲಿ, ಓದಲಿ, ಸುಮ್ಮನೆ ಕೂರಲಿ, ಯಾರೂ ಲೆಕ್ಕ ಕೇಳಬಾರದು. ಹಾಸಿಗೆ ಹಿಡಿದ ಹಿರಿಯರನ್ನು ನೋಡಿಕೊಳ್ಳುವ ಮನೆಗಳಲ್ಲಿ ವಾರಕ್ಕೆ ಒಂದು ಸಂಜೆಯಾದರೂ ಪಾಳಿ ಬದಲಾಗಬೇಕು.

ಎರಡನೇ ಅಭ್ಯಾಸವನ್ನು ಸೇರಿಸುವುದು ಯಾವಾಗ? ಮೊದಲನೆಯದು ಯಾರೂ ನೆನಪಿಸದೆ ಎರಡು ಮೂರು ವಾರ ನಡೆದ ಮೇಲೆ.

ವಿಶ್ರಾಂತಿಯೂ ಪಟ್ಟಿಯಲ್ಲಿರಲಿ. ಜೋಯಿಸರ ಪರಂಪರೆಯಲ್ಲಿ ವಾರಕ್ಕೊಂದು ದಿನ, ಜೊತೆಗೆ ಅಮಾವಾಸ್ಯೆ, ಹುಣ್ಣಿಮೆಗಳಂದು ಅಭ್ಯಾಸಕ್ಕೆ ರಜೆ. ಇನ್ನು ದಸರೆಯ ಹತ್ತು ದಿನ ಮನೆತುಂಬ ನೆಂಟರು. ದಿನಚರಿ ಉಳಿಯುವುದಿಲ್ಲ, ಉಳಿಸಲು ಒದ್ದಾಡುವುದೂ ಬೇಡ. ಅರ್ಧ ಗಂಟೆಯ ಬದಲು ಹತ್ತು ನಿಮಿಷ ಎಂದು ಮೊದಲೇ ಇಳಿಸಿಕೊಂಡು, ಜಂಬೂಸವಾರಿಯ ಮರುದಿನದಿಂದ ಹಳೆಯ ವೇಳೆಗೆ ಮರಳುವುದೆಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟರೆ ಸಾಕು.

ನಡಿಗೆಯಿಂದ, ವಿಶ್ರಾಂತಿಯಿಂದ ಎಲ್ಲವೂ ಸರಿಹೋಗುವುದಿಲ್ಲ. ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಯಾವುದರಲ್ಲೂ ಆಸಕ್ತಿ ಉಳಿಯದಿದ್ದರೆ, ಬದುಕು ಸಾಕೆನಿಸಿದರೆ ಅದು ದಿನಚರಿ ತಿದ್ದುವ ಹೊತ್ತಲ್ಲ, ವೈದ್ಯರನ್ನು ಕಾಣುವ ಹೊತ್ತು. ತಕ್ಷಣ ಯಾರೊಂದಿಗಾದರೂ ಮಾತಾಡಬೇಕೆನಿಸಿದರೆ 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ ಇದೆ, ಸಂಖ್ಯೆ 14416. ದಿನದ 24 ಗಂಟೆಯೂ ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.