ಎತ್ತರ ಹೆಚ್ಚಿದಷ್ಟೂ ಅಪಾಯವೇ?

ಪ್ರಶ್ನೆ: ದಸರಾ ರಜೆಯಲ್ಲಿ ಮಗಳು ಗೆಳತಿಯರ ಜೊತೆ ಹಿಮಾಚಲದ ಬೀರ್-ಬಿಲ್ಲಿಂಗ್‌ಗೆ ಹೋಗಿ ಪ್ಯಾರಾಗ್ಲೈಡಿಂಗ್ ಮಾಡುತ್ತಾಳಂತೆ. ಅಷ್ಟೆತ್ತರದಲ್ಲಿ ಗಾಳಿ ಬಡಿದು ಆ ಬಟ್ಟೆ ಮಡಚಿಕೊಂಡರೆ ಗತಿಯೇನು?
– ಓದುಗರು, ಹಾಸನ

ಉತ್ತರ: ಮಡಚಿಕೊಳ್ಳುವುದುಂಟು. ಆದರೆ ಅಷ್ಟೆತ್ತರದಲ್ಲಿ ಮಡಚಿಕೊಂಡರೆ ನೀವು ಅಂದುಕೊಂಡಷ್ಟು ಭಯವಿಲ್ಲ. ನೆಲದ ಹತ್ತಿರ ಮಡಚಿಕೊಂಡರೇ ಕಷ್ಟ.

ಹಾರಲು ಹೊರಡುವ ಬಿಲ್ಲಿಂಗ್ ಇರುವುದು ಸುಮಾರು 2,400 ಮೀಟರ್ ಎತ್ತರದಲ್ಲಿ. ಇಳಿಯುವ ಬೀರ್ ಅದಕ್ಕಿಂತ ಸುಮಾರು ಸಾವಿರ ಮೀಟರ್ ಕೆಳಗೆ. ಬಿಸಿಲೇರಿದಂತೆ ಧೌಲಾಧಾರದ ಇಳಿಜಾರು ಕಾದು ಬಿಸಿಗಾಳಿ ಮೇಲೇಳುತ್ತದೆ. ಪೈಲಟ್‌ಗಳು ಮೇಲೇರುವುದು ಅದರ ಬಲದಿಂದಲೇ. ಏರುವ ಗಾಳಿಯೂ ಇಳಿಯುವ ಗಾಳಿಯೂ ತಿಕ್ಕಾಡುವ ಅಂಚಿನಲ್ಲಿ ರೆಕ್ಕೆಯ ಒಂದು ಪಕ್ಕ ಕುಸಿಯಬಹುದು. ಪ್ರವಾಸಿಗರನ್ನು ಹಾರಿಸುವ ಟ್ಯಾಂಡಮ್ ರೆಕ್ಕೆಗಳು ಸಾಮಾನ್ಯವಾಗಿ ಕೆಲವೇ ಕ್ಷಣಗಳಲ್ಲಿ ತಾವಾಗಿಯೇ ಬಿಚ್ಚಿಕೊಳ್ಳುತ್ತವೆ. ಬಿಚ್ಚಿಕೊಳ್ಳದಿದ್ದರೆ ಪೈಲಟ್ ಕೈಯಿಂದ ಎಸೆಯುವ ಇನ್ನೊಂದು ಪ್ಯಾರಾಚೂಟ್ ಇರುತ್ತದೆ. ಅದು ಅರಳಲು ಕೆಳಗೆ ಒಂದಷ್ಟು ಜಾಗ ಬೇಕು, ಅಷ್ಟೇ.

ಹೀಗಾಗಿ ಏಟು ಬೀಳುವುದು ಹೆಚ್ಚಾಗಿ ಹೊರಡುವಾಗ, ಇಳಿಯುವಾಗ. ಪಾದದ ಕೀಲು ಉಳುಕುತ್ತದೆ, ಕಾಲು ಮುರಿಯುತ್ತದೆ. ಹೆಚ್ಚು ಹೆದರಬೇಕಾದದ್ದು ಬೆನ್ನುಮೂಳೆಯ ಪೆಟ್ಟಿಗೆ. ಪಕ್ಕೆಲುಬಿನ ಆಸರೆ ಮುಗಿದು ಸೊಂಟ ಶುರುವಾಗುವ ಜಾಗವೇ ಅದಕ್ಕೆ ಮೊದಲ ಗುರಿ. ಕುಳಿತ ಭಂಗಿಯಲ್ಲೇ ನೆಲಕ್ಕೆ ಕುಕ್ಕರಿಸಿದರೆ ಕಾಲು ತಡೆಯಬೇಕಾದ ಹೊಡೆತವನ್ನೆಲ್ಲ ಬೆನ್ನು ತಿನ್ನುತ್ತದೆ, ಮೂಳೆ ಜಜ್ಜಿಹೋಗುತ್ತದೆ. ಸೀಟಿನಡಿ ದಪ್ಪ ಫೋಮ್ ಅಥವಾ ಗಾಳಿಚೀಲ ಇಟ್ಟಿರುವುದು ಇದಕ್ಕಾಗಿಯೇ. ಹಾಗೆ ಬಿದ್ದವರನ್ನು ಉಪಚಾರದ ಹೆಸರಿನಲ್ಲಿ ಎಬ್ಬಿಸಿ ಕೂರಿಸಿ ನೀರು ಕುಡಿಸುವುದು ನಮ್ಮವರ ಅಭ್ಯಾಸ. ದಯವಿಟ್ಟು ಬೇಡ, ಸ್ಟ್ರೆಚರ್ ಬರುವ ತನಕ ಅಲುಗಾಡಿಸಬಾರದು.

ಮಗಳಿಗೆ ಇಷ್ಟು ಹೇಳಿ ಕಳಿಸಿ. ಪೈಲಟ್ 'ಭಾಗೋ ಭಾಗೋ' ಎಂದಾಗ ಓಡಬೇಕು, ಪಾದ ನೆಲ ಬಿಟ್ಟ ಮೇಲೂ ಕಾಲಾಡಿಸುತ್ತಿರಬೇಕು. ನಾಲ್ಕು ಹೆಜ್ಜೆ ಇಟ್ಟು ಕೂತುಬಿಡುವುದರಿಂದಲೇ ಎಷ್ಟೋ ಜನ ಮುಗ್ಗರಿಸುತ್ತಾರೆ. ಓಡುವ ಮೊದಲು ಎರಡೂ ತೊಡೆಗಳ ಪಟ್ಟಿ ಬಿಗಿದಿದೆಯೇ, ಬಕಲ್ ಟಕ್ಕೆಂದು ಕೂತಿದೆಯೇ ಎಂದು ತಾನೇ ಮುಟ್ಟಿ ನೋಡಿಕೊಳ್ಳಲಿ. ಈ ಪಟ್ಟಿ ಮರೆತು ಪ್ರಾಣ ಹೋದದ್ದುಂಟು. ವಿಡಿಯೋ ಚೆನ್ನಾಗಿ ಬರಲೆಂದು ಸುತ್ತು ಹೊಡೆಸಿ ಎಂದು ದುಂಬಾಲು ಬೀಳುವುದು ಬೇಡ.

ಜುಲೈ 15ರಿಂದ ಸೆಪ್ಟೆಂಬರ್ 15ರವರೆಗೆ ಮಳೆಗಾಲವೆಂದು ಅಲ್ಲಿ ಹಾರಾಟಕ್ಕೆ ನಿಷೇಧವಿದೆ. ದಸರಾ ಹೊತ್ತಿಗೆ ತೊಂದರೆಯಿಲ್ಲ. ಆದರೂ ಆ ದಿನ ಪೈಲಟ್ 'ಗಾಳಿ ಸರಿಯಿಲ್ಲ' ಎಂದರೆ, ಮುಂಗಡ ಕೊಟ್ಟಿದ್ದೇವೆ ಎಂದು ವಾದಕ್ಕೆ ನಿಲ್ಲದೆ ಮರುದಿನ ಬರಲಿ.