ಪಶ್ಚಿಮದ ಗೋಡೆಗೆ ಜೋಡಿ ಹೊದಿಕೆ

ಮೇ ತಿಂಗಳಲ್ಲಿ ಕಲಬುರಗಿಯಲ್ಲೋ ರಾಯಚೂರಿನಲ್ಲೋ ರಾತ್ರಿ ಒಂಬತ್ತಕ್ಕೆ ಮನೆಯ ಪಶ್ಚಿಮದ ಗೋಡೆಯ ಒಳಮೈ ಮೇಲೆ ಅಂಗೈ ಇಟ್ಟು ನೋಡಿ. ಹೊತ್ತು ಮುಳುಗಿ ಎರಡು ಗಂಟೆಯಾದರೂ ಬಿಸಿ ಇಳಿದಿರುವುದಿಲ್ಲ. ಮಧ್ಯಾಹ್ನ ಹೊರಮೈ ಹೀರಿದ ಶಾಖ 9 ಇಂಚಿನ ಇಟ್ಟಿಗೆ ದಾಟಿ ಒಳಗೆ ಬರುವುದೇ ಆ ಹೊತ್ತಿಗೆ. ಫ್ಯಾನು ಹಾಕಿದರೆ ಅದೇ ಬಿಸಿ ಗಾಳಿ ತಿರುಗುತ್ತದೆ, ಅಷ್ಟೆ. ಬಿಸಿಲನ್ನು ಹೊರಗೇ ತಡೆಯಬೇಕು. ಅದಕ್ಕೊಂದು ಉಪಾಯ, ಗೋಡೆಯ ಮುಂದೆ ಇನ್ನೊಂದು ತೆಳು ಹೊದಿಕೆ, ನಡುವೆ ಗಾಳಿಯಾಡುವ ಸಂದು. ಜೈಪುರದ ಪರ್ಲ್ ಅಕಾಡೆಮಿ ಕಟ್ಟಡಕ್ಕೆ ಹೀಗೆಯೇ 4 ಅಡಿ ದೂರದಲ್ಲಿ ಸುತ್ತ ಜಾಲಿ ಹೊದಿಸಿದ್ದಾರೆ.

ಮೊದಲು ಗೋಡೆ ಗೊತ್ತುಮಾಡಿ. ಮಧ್ಯಾಹ್ನ ಎರಡರಿಂದ ಸಂಜೆಯವರೆಗೆ ಬಿಸಿಲು ತಿನ್ನುವ ಗೋಡೆಗೆ ಇದು ಬೇಕು. ದಕ್ಷಿಣದ ಗೋಡೆಗೆ ಬೇಡ. ಬೇಸಿಗೆಯ ನಡುಹಗಲು ಸೂರ್ಯ ನೆತ್ತಿಯ ಮೇಲಿರುವುದರಿಂದ ಸಜ್ಜಾ ಸಾಕು.

ಹೊರಪದರಕ್ಕೆ ಸುಟ್ಟ ಮಣ್ಣಿನ ಜಾಲಿ, ಬಿದಿರು ತಟ್ಟಿ, ಕಬ್ಬಿಣದ ಮೆಷ್ ಮೇಲೆ ಹಬ್ಬಿಸಿದ ಬಳ್ಳಿ, ಯಾವುದಾದರೂ ಆದೀತು. ಜಾಲಿಯ ಭಾರಕ್ಕೆ ಬೇರೆ ಪಾಯವೋ ಬೀಮೋ ಬೇಕು, ಎಂಜಿನಿಯರನ್ನು ಕೇಳಿಯೇ ಕಟ್ಟಿಸಿ. ಒಬ್ಬರು ನುಗ್ಗಿ ಕಸ ತೆಗೆಯುವಷ್ಟು, ಸುಮಾರು 2 ಅಡಿ ಸಂದು ಬಿಡಿ. ಹೊದಿಕೆಯ ಹಿಂದಿನ ಗೋಡೆಯ ಹೊರಮೈಗೆ ಬಿಳಿ ಸುಣ್ಣ ಬಳಿಸಿ.

ಕೆಲಸ ಕೆಡುವುದು ಸಂದಿನ ಬಾಯಿಯಲ್ಲಿ. ಒಳಗೆ ಕಾದ ಗಾಳಿ ಹಗುರಾಗಿ ಮೇಲೇರುತ್ತದೆ, ಕೆಳಗಿನಿಂದ ತಂಪು ಗಾಳಿ ಬಂದು ಆ ಜಾಗ ತುಂಬುತ್ತದೆ. ಹೀಗೆ ಶಾಖ ಹೊರಬೀಳಬೇಕಾದರೆ ಮೇಲೂ ಕೆಳಗೂ ತೆರೆದಿರಲೇಬೇಕು. ಮೇಸ್ತ್ರಿ ಮಳೆಗೆಂದು ಮೇಲೆ ಶೀಟು ಹೊದಿಸಿ ಸಿಮೆಂಟಿನಿಂದ ಮುಚ್ಚಿಬಿಟ್ಟರೆ ಬಿಸಿ ಗಾಳಿ ಅಲ್ಲೇ ಕೂತು ಗೋಡೆಯನ್ನು ಕಾಯಿಸುತ್ತದೆ. ಶೀಟು ಬೇಕೇ ಬೇಕಾದರೆ ಒಂದು ಗೇಣು ಮೇಲೆತ್ತಿ ಹಾಕಿಸಿ, ಪಾರಿವಾಳ ನುಗ್ಗದಂತೆ ಬಲೆ ಬಿಗಿಯಿರಿ. ಸಂದಿನತ್ತ ತೆರೆಯುವ ಕಿಟಕಿಯನ್ನು ಮಧ್ಯಾಹ್ನ ಮುಚ್ಚಿ, ಹೊರಗೆ ತಂಪಾದ ಮೇಲೆ ತೆಗೆಯಿರಿ.

ಗಾಜಿನ ಜೋಡಿ ಹೊದಿಕೆಯ ಫೋಟೊ ನೋಡಿ ಮರುಳಾಗಬೇಡಿ. ಜರ್ಮನಿಯ ಗೀಂಗೆನ್‌ನಲ್ಲಿ ಸ್ಟೈಫ್ ಗೊಂಬೆ ಕಾರ್ಖಾನೆ 1903ರಲ್ಲೇ ಅಂಥದ್ದನ್ನು ಕಟ್ಟಿತ್ತು. ಅಲ್ಲಿನ ಚಳಿಗಾಲಕ್ಕೆ ಒಳಗೆ ಉಳಿಯುವ ಬಿಸಿಯೇ ಲಾಭ. ಬಿಸಿಲನ್ನು ಒಳಬಿಟ್ಟು ಶಾಖವನ್ನು ಹಿಡಿದಿಡುವ ಗಾಜು ನಮ್ಮಲ್ಲಿ ಎ.ಸಿ. ಬಿಲ್ ಏರಿಸೀತು.

ಸೆಟ್‌ಬ್ಯಾಕ್ ಜಾಗಕ್ಕೆ ಕೈ ಹಾಕುವಂತಿದ್ದರೆ ನಗರಸಭೆಯಲ್ಲಿ ವಿಚಾರಿಸಿಕೊಳ್ಳಿ. ಮನೆ ಒಂದೇ ಅಂತಸ್ತಿನದಾದರೆ ಈ ದುಡ್ಡನ್ನು ಮೊದಲು ತಾರಸಿಗೆ ಹಾಕಿ. ಇಡೀ ದಿನದ ಬಿಸಿಲು ಬೀಳುವುದು ಅದರ ಮೇಲೆ.